ದೊಡ್ಡಹನುಮಯ್ಯ ಬಿನ್ ಚಿಕ್ಕಹನುಮಯ್ಯ

ಹುಣಸೆದೊಡ್ಡಿಯ ನಟರಾಜು ಸುಳ್ಳು ಹೇಳುವ ಮನುಷ್ಯನಲ್ಲ. ಆದರೆ ಯಾರಾದರೂ ಏನಾದರೂ ಕೇಳಿದಾಗ ಗೊತ್ತಿಲ್ಲ ಎನ್ನುವುದೂ ಅವನ ಕೈಲಿ ಆಗುತ್ತಿರಲಿಲ್ಲ. ಕೈಲಾಂಚದ ಬಸ್ ನಿಲ್ದಾಣದಲ್ಲಿ ಯಾರೋ ಹೊಸಬರು ದಾರಿ ಕೇಳಿದರೆ, ತಾನು ಜನ್ಮದಲ್ಲಿ ಕಾಣದ ಊರಿಗೂ ಎಡಕ್ಕೆ ತಿರುಗಿ ಬಲಕ್ಕೆ ತಿರುಗಿ ಎಂದು ಧೈರ್ಯವಾಗಿ ಹೇಳಿ ಕಳಿಸುತ್ತಿದ್ದ. ಅವರು ಊರು ಸೇರಿದರೋ ಇಲ್ಲವೋ ಇವನಿಗೆ ತಿಳಿಯುತ್ತಿರಲಿಲ್ಲ. ಆದ್ದರಿಂದ ಸೇರಿದರೆಂದೇ ನಂಬಿಕೊಂಡು ಮನೆಗೆ ಬರುತ್ತಿದ್ದ.

ಇವನಿಗೆ ಒಂದಿಷ್ಟು ಹಿಪ್ಪುನೇರಳೆ ತೋಟ, ಕಟ್ಟಿಹಾಕಿದ ಸೀಮೆಹಸುಗಳು, ಹಾಲಿನ ಡೇರಿಯಲ್ಲಿ ಒಂದು ಡೈರೆಕ್ಟರ್ ಕುರ್ಚಿ, ಸರಸಮ್ಮ ಎಂಬ ಹೆಂಡತಿ ಮತ್ತು ನವ್ಯಶ್ರೀ ಎಂಬ ಒಬ್ಬಳೇ ಮಗಳು ಇದ್ದರು. ನವ್ಯಶ್ರೀ ಕನಕಪುರದ ಶಾಲೆಯೊಂದರಲ್ಲಿ ಲೆಕ್ಕದ ಪಾಠ ಮಾಡುತ್ತಿದ್ದಳು. ಮಾಗಡಿ ತಾಲ್ಲೂಕು ತಿಪ್ಪಸಂದ್ರದ ಬೋರಲಿಂಗಯ್ಯನವರ ಮಗ ಲೋಕೇಶ್ ದನಗಳ ಆಸ್ಪತ್ರೆಯಲ್ಲಿ ಕೆಲಸದಲ್ಲಿದ್ದ. ಸ್ನೇಹಿತರೊಬ್ಬರ ಮದುವೆಯಲ್ಲಿ ಇವರಿಬ್ಬರೂ ನೋಡಿಕೊಂಡು, ಮಾತಾಡಿಕೊಂಡು, ಒಪ್ಪಿಕೊಂಡು, ಆಮೇಲೆ ವಿಷಯವನ್ನು ಮೆಲ್ಲಗೆ ಹಿರಿಯರ ಕಿವಿಗೆ ಹಾಕಿದ್ದರು. ಹಿರಿಯರು ಆ ಸಂಬಂಧವನ್ನು ತಾವೇ ಬಿಸಿಲಲ್ಲಿ ಅಲೆದು ಹುಡುಕಿದವರ ಹಾಗೆ ಮುಂದುವರಿಸಿದರು.

ಹೆಣ್ಣು ನೋಡುವ ಶಾಸ್ತ್ರದ ದಿನ ಎಲ್ಲವೂ ಸಲೀಸಾಗಿ ನಡೆಯಿತು. ಬೋರಲಿಂಗಯ್ಯ ಸಹಕಾರ ಸಂಘವೊಂದರಲ್ಲಿ ಕಾರ್ಯದರ್ಶಿಯಾಗಿದ್ದು ನಿವೃತ್ತರಾದವರು. ಮಾತಿಗೆ ಮುಂಚೆ ಕನ್ನಡಕ ತೆಗೆದು ಒರೆಸುವ ಅಭ್ಯಾಸದವರು. ಅವರು ಕಾಫಿ ಕುಡಿದು, ಕನ್ನಡಕ ಒರೆಸಿ, ಊರ ಬಾಗಿಲಲ್ಲಿ ದಾರಿ ಕೇಳಿದಾಗ ಜನ ಈ ಮನೆಯನ್ನು ಕುದುರೆಯವರ ಮನೆ ಅಂದರಲ್ಲ, ಅದು ಯಾಕೆ ಎಂದು ಕೇಳಿದರು.

ಯಾಕೆಂದು ಆ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಹೆಸರು ಹಿಂದಿನಿಂದ ಬಂದಿತ್ತು, ಕುದುರೆ ಬಂದಿರಲಿಲ್ಲ. ನಟರಾಜು ತೀರ ಹತ್ತಿರದಿಂದ ನೋಡಿದ ಕುದುರೆಯೆಂದರೆ ಚನ್ನಪಟ್ಟಣದ ಮರದ ಗೊಂಬೆಯ ಅಂಗಡಿಯದು. ಆದರೆ ಬೀಗರಾಗುವವರು ಕೇಳಿದ್ದರು. ಪಿತೃಪಕ್ಷದಲ್ಲಿ ಎಡೆ ಇಡುವಾಗ ಅಪ್ಪ ಹೇಳುತ್ತಿದ್ದ ಹೆಸರುಗಳಲ್ಲಿ ಕೊನೆಯದು ಅವನ ಬಾಯಿಗೆ ತಾನಾಗಿ ಬಂತು.

“ನಮ್ಮಜ್ಜನ ಅಜ್ಜನೋ ಅವರಪ್ಪನೋ, ಚಿಕ್ಕಹನುಮಯ್ಯ ಅಂತ ಇದ್ರು ಬೀಗ್ರೇ. ಮಹಾರಾಜ್ರು ಅವ್ರಿಗೆ ಬಿಳೀ ಕುದ್ರೆ ಕೊಟ್ಟಿದ್ರು.”

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸರಸಮ್ಮನ ಕೈಯಲ್ಲಿ ತಟ್ಟೆ ಓರೆಯಾಗಿ ಒಂದು ಚಕ್ಕುಲಿ ನೆಲಕ್ಕೆ ಬಿತ್ತು. ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಅತ್ತೆಯ ಬಾಯಲ್ಲಾಗಲಿ ಮಾವನ ಬಾಯಲ್ಲಾಗಲಿ ಅವಳು ಕೇಳದೆ ಉಳಿದ ಸಂಗತಿ ಅದೊಂದೇ.

ಬೋರಲಿಂಗಯ್ಯನವರಿಗೆ ಬಹಳ ಸಂತೋಷವಾಯಿತು. ತಮ್ಮ ಕಡೆಯವರು ಮನೆತನ ಎಂದರೆ ಜೀವ ಬಿಡುವ ಜನ, ನಿಶ್ಚಿತಾರ್ಥದ ದಿನ ಎರಡೂ ಮನೆಗಳ ಇತಿಹಾಸವನ್ನು ಮೈಕಿನಲ್ಲಿ ಹೇಳಿಸೋಣ, ನಿಮ್ಮದನ್ನು ಏನಾದರೂ ದಾಖಲೆಯ ಸಮೇತ ಬರೆದುಕೊಡಿ ಎಂದರು. ನಟರಾಜು ಅದಕ್ಕೇನಂತೆ ಎಂದುಬಿಟ್ಟ. ಅವರು ಹೊರಟ ಮೇಲೆ ಸರಸಮ್ಮ ಚಕ್ಕುಲಿ ಎತ್ತಿಕೊಳ್ಳುತ್ತಾ, ಕುದುರೆಗೆ ಹುರುಳಿ ಬೇಯಿಸಬೇಕೋ ಹೇಗೆ ಎಂದಷ್ಟೇ ಕೇಳಿದಳು.

ನಟರಾಜು ಅಟ್ಟದ ಮೇಲಿನ ಕಬ್ಬಿಣದ ಟ್ರಂಕನ್ನು ಇಳಿಸಿದ. ಕಂದಾಯದ ರಸೀತಿ, ಮಾಸಿದ ಜಾತಕ, ಯಾವುದೋ ಕೋರ್ಟಿನ ನಕಲು, ಇವೆಲ್ಲದರ ಅಡಿಯಲ್ಲಿ ಕಂದು ಬಣ್ಣಕ್ಕೆ ತಿರುಗಿದ ಒಂದು ಛಾಪಾ ಕಾಗದ ಸಿಕ್ಕಿತು. ಮೇಲೆ ಕ್ಲೋಸ್‌ಪೇಟೆ ತಾಲ್ಲೂಕು ಎಂದು ಅಚ್ಚಾಗಿತ್ತು. ರಾಮನಗರಕ್ಕೆ ಹಿಂದಿನವರು ಕರೆಯುತ್ತಿದ್ದ ಹೆಸರು ಅದು. ಕೆಳಗಿನದೆಲ್ಲ ಇರುವೆ ಸಾಲು ಹರಿದ ಹಾಗೆ ಕಾಣುತ್ತಿದ್ದ ಕೈಬರಹ. ನಟರಾಜು ಅದನ್ನು ನೇರವಾಗಿಯೂ ತಲೆಕೆಳಗಾಗಿಯೂ ಹಿಡಿದು ನೋಡಿದ. ಎರಡರಲ್ಲೂ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ.

ರಾಮನಗರದ ತಾಲ್ಲೂಕು ಕಚೇರಿಯ ಎದುರು ಶರ್ಫುನ್ನೀಸಾ ಎಂಬ ಪತ್ರ ಬರೆಯುವ ಹೆಂಗಸಿದ್ದಳು. ಹಳೆಯ ಬರಹ ಓದುವುದು ಅವಳ ಅಪ್ಪನ ಕಾಲದಿಂದ ಬಂದ ವಿದ್ಯೆ. ನಟರಾಜು ಕಾಗದ ಹಿಡಿದು ಅವಳಲ್ಲಿಗೆ ಹೋದ. ಜೊತೆಯಲ್ಲಿ ಬಾಲ್ಯದ ಗೆಳೆಯ ಮುನೇಶ ಬೈಕಿನ ಹಿಂದೆ ಕೂತು ಬಂದ. ಮುನೇಶ ಡೇರಿಯ ಪಕ್ಕ ಟೀ ಅಂಗಡಿ ಇಟ್ಟವನು. ಊರಿನ ಯಾವ ಸುದ್ದಿಯೂ ಅವನನ್ನು ಬಿಟ್ಟು ಆಗುವುದು ಅವನಿಗೆ ಇಷ್ಟವಿರಲಿಲ್ಲ.

ಶರ್ಫುನ್ನೀಸಾ ಭೂತಗನ್ನಡಿ ಇಟ್ಟು ಬಹಳ ಹೊತ್ತು ನೋಡಿದಳು. ಜಮೀನಿನ ನಾಲ್ಕು ಎಲ್ಲೆಯ ಚಕ್ಕುಬಂದಿ ಇದೆ, ಹುಣಿಸೇಮರ ಇದೆ, ಒಂದು ಹಾಳು ಬಾವಿ ಇದೆ, ಖಾತೆದಾರ ದೊಡ್ಡಹನುಮಯ್ಯ ಬಿನ್ ಕು॥ ಚಿಕ್ಕಹನುಮಯ್ಯ, ಸಾಕಿನ್ ಹುಣಸೆದೊಡ್ಡಿ ಎಂದು ಓದಿದಳು.

ಸಾಕಿನ್ ಎಂದರೆ ವಾಸ, ಬಿನ್ ಎಂದರೆ ಮಗ. ಅಂದರೆ ದೊಡ್ಡಹನುಮಯ್ಯ ಮಗ, ಚಿಕ್ಕಹನುಮಯ್ಯ ಅಪ್ಪ. ಮಗ ದೊಡ್ಡವನಾಗಿ ಅಪ್ಪ ಚಿಕ್ಕವನಾಗುವುದು ಹೇಗೆ ಎಂದು ನಟರಾಜು ಕೇಳಿದ. ಕಚೇರಿಯಲ್ಲಿ ಹಾಗೆಲ್ಲ ಕೇಳುವ ಪದ್ಧತಿಯಿಲ್ಲ ಎಂದು ಅವಳು ಕಾಗದ ಮಡಿಸಿದಳು. ಅವನು ಬಿಡದೆ, ಹೆಸರಿನ ಹಿಂದೆ ಇರುವ ಆ ‘ಕು’ ಎಂದರೆ ಕುದುರೆ ತಾನೇ ಎಂದು ಒತ್ತಾಯಿಸಿದ.

“ಕುದ್ರೆನೂ ಆಗ್ಬೋದು ಅಣ್ಣ. ಕುರಿ, ಕುಂಟ, ಕುಳ್ಳ, ಏನ್ ಬೇಕಾದ್ರೂ ಆಗ್ಬೋದು. ಕೇಳೋಣ ಅಂದ್ರೆ ಬರ್ದೋರು ಈಗಿಲ್ಲ.”

ಮುನೇಶ ಈ ಮಾತನ್ನು ಒಂದು ಹನಿಯೂ ಚೆಲ್ಲದಂತೆ ಊರಿಗೆ ತಂದ. ಸಂಜೆ ಡೇರಿಗೆ ಹಾಲು ಹಾಕುವ ಹೊತ್ತಿಗೆ ನಟರಾಜುವಿಗೆ ಕುದುರೆಯವನೊಬ್ಬ, ಕುರಿಯವನೊಬ್ಬ, ಕುಂಟನೊಬ್ಬ, ಕುಳ್ಳನೊಬ್ಬ ಎಂದು ನಾಲ್ಕು ಜನ ಹಿರೀಕರು ಆಗಿದ್ದರು. ಕ್ಯಾನು ಹಿಡಿದು ನಿಂತ ಜನ ತಮಗೆ ಬೇಕಾದವರ ಪಕ್ಷ ವಹಿಸಿದರು. ನಟರಾಜುವಿನ ನಡಿಗೆಯಲ್ಲಿ ಒಂದು ಸಣ್ಣ ಕುಂಟು ಮೊದಲಿಂದಲೂ ಇದೆ ಎಂದು ಒಬ್ಬರು ಕಂಡುಹಿಡಿದರು. ಅವನು ಡೇರಿಯಿಂದ ಮನೆಯವರೆಗೆ ಬಹಳ ಎಚ್ಚರದಿಂದ ಹೆಜ್ಜೆ ಇಟ್ಟು ನಡೆದ. ಹಾಗೆ ನಡೆದದ್ದರಿಂದ ನಿಜವಾಗಿಯೂ ಕುಂಟಿದಂತೆ ಕಂಡಿತು.

ಇದನ್ನು ಇಲ್ಲಿಗೇ ನಿಲ್ಲಿಸಬೇಕೆಂದು ಅವನು ಕಾಗದದ ಫೋಟೋ ತೆಗೆದು ಬೋರಲಿಂಗಯ್ಯನವರ ಮೊಬೈಲಿಗೆ ಕಳಿಸಿದ. ಕೆಳಗೆ, ನಮ್ಮ ಹಿರಿಯರಾದ ಕುದುರೆ ಚಿಕ್ಕಹನುಮಯ್ಯನವರ ದಾಖಲೆ ಸಿಕ್ಕಿದೆ, ಮಹಾರಾಜರ ಕಾಲದ್ದು ಎಂದು ಬರೆದ. ಕುರಿ, ಕುಂಟರ ವಿಚಾರ ಬರೆಯಲು ಜಾಗ ಸಾಲದೆಂದು ಬಿಟ್ಟ.

ಮಾರನೆಯ ಬೆಳಿಗ್ಗೆ ಬೋರಲಿಂಗಯ್ಯ ಖುದ್ದಾಗಿ ಬಂದಿಳಿದರು. ಕಂಕುಳಲ್ಲಿ ಟವೆಲಿನಲ್ಲಿ ಸುತ್ತಿದ ಏನೋ ಗಂಟು. ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದು, ಟವೆಲು ಬಿಚ್ಚಿ, ಹಳೆಯ ಹಿತ್ತಾಳೆ ಚೊಂಬೊಂದನ್ನು ಹೊರತೆಗೆದರು. ಅವರ ಮನೆಯಲ್ಲಿ ಹಬ್ಬದ ದಿನ ಕಳಶ ಇಡುವ ಚೊಂಬು. ಅದರ ಕತ್ತಿನ ಮೇಲೆ ಮೊಳೆಯಿಂದ ಕೊರೆದ ಅಕ್ಷರ ಅಷ್ಟು ವರ್ಷ ಹುಣಿಸೇಹಣ್ಣು ಹಾಕಿ ತಿಕ್ಕಿದರೂ ಉಳಿದಿತ್ತು. ಕುದುರೆ ಚಿಕ್ಕಹನುಮಯ್ಯ, ಹುಣಸೆದೊಡ್ಡಿ. ತಮ್ಮ ಮೂಲ ಪುರುಷ ಯಾವುದೋ ದೊಡ್ಡಿಯಿಂದ ಬಂದು ತಿಪ್ಪಸಂದ್ರದಲ್ಲಿ ನೆಲೆ ನಿಂತವನು ಎಂದು ಅವರ ತಾತ ಹೇಳುತ್ತಿದ್ದರಂತೆ. ಯಾವ ದೊಡ್ಡಿ ಎಂಬುದನ್ನು ಮನೆಯ ಹೆಂಗಸರು ಹಬ್ಬ ಹಬ್ಬಕ್ಕೂ ಕೈಯಲ್ಲಿ ಹಿಡಿದು ಉಜ್ಜುತ್ತಿದ್ದರೂ ಯಾರೂ ಓದಿರಲಿಲ್ಲ.

ನಟರಾಜು ಚೊಂಬನ್ನು ನೋಡಿದ, ಬೋರಲಿಂಗಯ್ಯನವರನ್ನು ನೋಡಿದ. ತಾನು ಬಾಯಿಗೆ ಬಂದಂತೆ ಹೇಳಿದ ಕುದುರೆ ನಿಜವಾಗಿಯೂ ಇತ್ತು ಎಂಬ ಆಶ್ಚರ್ಯದಿಂದಲೇ ಅವನು ಇನ್ನೂ ಹೊರಗೆ ಬಂದಿರಲಿಲ್ಲ. ಬೋರಲಿಂಗಯ್ಯ ಕಣ್ಣಲ್ಲಿ ನೀರು ತಂದುಕೊಂಡು ಅವನನ್ನು ತಬ್ಬಿಕೊಂಡರು. ಬೀಗರು ಎಂದುಕೊಂಡು ಬಂದರೆ ರಕ್ತ ಸಂಬಂಧವೇ ಸಿಕ್ಕಿತಲ್ಲ, ಇನ್ನು ಮೇಲೆ ನೀನು ತಮ್ಮ, ನಾನು ಅಣ್ಣ, ನಾವು ಒಂದೇ ಮನೆಯವರು ಎಂದರು. ನಟರಾಜುವೂ ಅವರನ್ನು ಬಿಗಿಯಾಗಿ ತಬ್ಬಿಕೊಂಡ. ಅವನಿಗೆ ಅಣ್ಣ ಎನ್ನುವವರು ಯಾರೂ ಇರಲಿಲ್ಲ. ಜಗಲಿಯಲ್ಲಿ ಇಣುಕುತ್ತಿದ್ದ ಮುನೇಶ ಕೂಡ ಮೂಗು ಒರೆಸಿಕೊಂಡ.

ಸರಸಮ್ಮ ಕಾಫಿ ತಂದಿಟ್ಟಳು. ಚೊಂಬನ್ನು ತಿರುಗಿಸಿ ನೋಡಿದಳು. ಆಮೇಲೆ ಸಹಜವಾಗಿ ಕೇಳಿದಳು.

“ಅಲ್ಲಾ, ಇಬ್ರದೂ ಒಂದೇ ಮನೆ ಅಂದ್ರೆ, ಹುಡ್ಗ ನಮ್ ಹುಡ್ಗಿಗೆ ಏನಾಗ್ಬೇಕು?”

ತಬ್ಬಿಕೊಂಡಿದ್ದವರು ಹಾಗೆಯೇ ಇದ್ದರು. ಬಿಟ್ಟರೆ ಉತ್ತರ ಹೇಳಬೇಕಾಗುತ್ತದೆ ಎಂದು ಇಬ್ಬರಿಗೂ ಅನ್ನಿಸಿರಬೇಕು. ಕೊನೆಗೆ ಜಗಲಿಯಿಂದ ಮುನೇಶನೇ, ಅಣ್ಣ ಆಗಬೇಕು ಎಂದ. ಬೋರಲಿಂಗಯ್ಯ ಕನ್ನಡಕ ಒರೆಸಲು ಮುಖಕ್ಕೆ ಕೈ ಹಾಕಿದರು. ಅದು ಮನೆಯಲ್ಲೇ ಉಳಿದಿತ್ತು.

ಹೋಗುವಾಗ ಅವರಿಗೆ ಬೀಗರೇ ಎನ್ನಲು ಆಗಲಿಲ್ಲ, ತಮ್ಮಾ ಎನ್ನಲೂ ಬಾಯಿ ಬರಲಿಲ್ಲ. ಬಾಗಿಲ ಚೌಕಟ್ಟನ್ನು ನೋಡಿ, ಬರುತ್ತೇನೆ ಎಂದು ಹೇಳಿ ಹೊರಟರು. ಚೊಂಬನ್ನು ಒಯ್ಯಬೇಕೋ ಬಿಡಬೇಕೋ ತಿಳಿಯದೆ ಗೇಟಿನವರೆಗೆ ಹೋಗಿ, ವಾಪಸ್ಸು ಬಂದು, ಎತ್ತಿಕೊಂಡು ಹೋದರು.

ಮುನೇಶನ ಟೀ ಅಂಗಡಿಯಲ್ಲಿ ಆ ವಾರ ಬೇರೆ ಮಾತಿಲ್ಲ. ಮನೆದೇವರು ಬೇರೆ ಬೇರೆ ಎಂದು ನೋಡಿಯೇ ತಾನೇ ಸಂಬಂಧ ಮುಂದುವರಿಸಿದ್ದು, ಒಂದೇ ಮನೆಯವರಾದರೆ ದೇವರು ಬೇರೆಯಾಗುವುದು ಹೇಗೆ ಎಂದು ಒಂದು ಪಕ್ಷ ಹೇಳಿತು. ಊರು ಬಿಟ್ಟು ಹೋದವರು ಹೋದ ಊರಿನ ದೇವರಿಗೆ ನಡೆದುಕೊಳ್ಳುವುದು ಹೊಸದೇನಲ್ಲ ಎಂದು ಇನ್ನೊಂದು ಪಕ್ಷ. ಇಷ್ಟು ತಲೆಮಾರು ಕಳೆದರೆ ಅಡ್ಡಿಯಿಲ್ಲ ಎಂದವರಿಗೆ, ಎಷ್ಟು ತಲೆಮಾರು ಎಂದು ಗೊತ್ತಿರಲಿಲ್ಲ. ಅದನ್ನು ಇತ್ಯರ್ಥ ಮಾಡಲು ಮುನೇಶ ಕಟ್ಟೆಯ ಮೇಲೆ ಟೀ ಲೋಟಗಳನ್ನು ಎರಡು ಸಾಲಾಗಿ ಜೋಡಿಸಿದ. ಒಂದೊಂದು ಲೋಟ ಒಂದೊಂದು ತಲೆಮಾರು. ಜೋಡಿಸಿ ನೋಡಿದರೆ ತಿಪ್ಪಸಂದ್ರದ ಸಾಲಿನಲ್ಲಿ ಒಂದು ಲೋಟ ಕಡಿಮೆ. ಹಾಗಾದರೆ ಲೋಕೇಶ್ ಅಣ್ಣನಲ್ಲ, ನವ್ಯಶ್ರೀಗೆ ಚಿಕ್ಕಪ್ಪನಾಗಬೇಕು ಎಂದು ಅವನು ತೀರ್ಪು ಹೇಳಿದ. ಅಷ್ಟರಲ್ಲಿ ಹಾಲಿನ ಲಾರಿಯ ಡ್ರೈವರ್ ಬಂದು ನಟರಾಜುವಿನ ಮುತ್ತಜ್ಜನನ್ನು ಎತ್ತಿಕೊಂಡು ಕುಡಿದುಬಿಟ್ಟ. ಎರಡು ಸಾಲೂ ಸಮವಾಗಿ ಲೋಕೇಶ್ ಮತ್ತೆ ಅಣ್ಣನಾದ.

ಶನಿವಾರ ನವ್ಯಶ್ರೀ ಕನಕಪುರದಿಂದ ಬಂದಳು. ಅವಳು ಅಳಲಿಲ್ಲ, ಕೂಗಾಡಲಿಲ್ಲ. ಬ್ಯಾಗು ಇಳಿಸಿ, ನೀರು ಕುಡಿದು, ಜಗಲಿಯಲ್ಲಿ ಕೂತಿದ್ದ ಅಪ್ಪನ ಎದುರು ನಿಂತಳು.

“ಅಪ್ಪ, ಆ ಕುದ್ರೆನ ನೀನು ಎಲ್ಲಿಂದ ಹೊಡ್ಕೊಂಡ್ ಬಂದ್ಯೋ ಅಲ್ಲೇ ಬುಟ್ಟು ಬಾ.”

ಅಷ್ಟು ಹೇಳಿ ಒಳಗೆ ಹೋಗಿ ಮಕ್ಕಳ ಪರೀಕ್ಷೆಯ ಪೇಪರು ತಿದ್ದಲು ಕೂತಳು. ಆವತ್ತು ಬಹಳ ಮಕ್ಕಳು ನಪಾಸಾದರು.

ಭಾನುವಾರ ಲೋಕೇಶ್ ಬೈಕಿನಲ್ಲಿ ಬಂದ. ಈ ಕಡೆ ದನಗಳಿಗೆ ಜ್ವರ ಎದ್ದಿದೆಯೆಂದು ಕೇಳಿದೆ, ನೋಡಿ ಹೋಗೋಣ ಎಂದು ಬಂದೆ ಎಂದ. ಮಾಗಡಿಯ ದನದ ಆಸ್ಪತ್ರೆಗೂ ಹುಣಸೆದೊಡ್ಡಿಗೂ ಯಾವ ಸಂಬಂಧವೂ ಇರಲಿಲ್ಲ. ಆದರೂ ಸರಸಮ್ಮ ಕೊಟ್ಟಿಗೆ ತೋರಿಸಿದಳು. ಹಸುವಿನ ಹಗ್ಗ ಹಿಡಿದುಕೊಳ್ಳಲು ನವ್ಯಶ್ರೀ ಹೋದಳು. ಪರೀಕ್ಷೆ ಬಹಳ ಹೊತ್ತು ನಡೆಯಿತು. ಹಸುವಿಗೆ ಜ್ವರವಿರಲಿಲ್ಲ. ಹೋಗುವಾಗ ಹುಡುಗನ ಮುಖ ನೋಡಿ ಸರಸಮ್ಮ ಗಂಡನ ಹತ್ತಿರ ಬಂದು, ಇದು ನೀವು ಮಾಡಿದ ಕೆಲಸ, ನೀವೇ ಸರಿಮಾಡಿ, ಅಲ್ಲಿಯವರೆಗೆ ನನ್ನ ಹತ್ತಿರ ಮಾತು ಬೇಡ ಎಂದಳು.

ನಟರಾಜು ಮರುದಿನವೇ ತಿಪ್ಪಸಂದ್ರಕ್ಕೆಂದು ಹೊರಟು ಬಸ್ಸು ಹತ್ತಿದ. ಮಾಗಡಿಯಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯುವುದರೊಳಗೆ ಹೇಳಬೇಕಾದ್ದನ್ನೆಲ್ಲ ಮನಸ್ಸಿನಲ್ಲೇ ಹೊಂದಿಸಿಕೊಂಡಿದ್ದ. ಬೋರಲಿಂಗಯ್ಯನವರ ನಡುಮನೆಯಲ್ಲಿ ಕೂತು, ವಿಚಾರಿಸಿ ನೋಡಲಾಗಿ ನಮ್ಮ ಚಿಕ್ಕಹನುಮಯ್ಯನಿಗೂ ಕುದುರೆಗೂ ಸಂಬಂಧವಿಲ್ಲ, ಕಾಗದದಲ್ಲಿರುವುದು ಕುರಿ, ಅವನು ಕುರಿ ಕಾಯುತ್ತಿದ್ದವನು, ಆದ್ದರಿಂದ ನಿಮ್ಮವನೇ ಬೇರೆ ನಮ್ಮವನೇ ಬೇರೆ ಎಂದ.

ಬೋರಲಿಂಗಯ್ಯ ಮುಖ ಗಂಭೀರ ಮಾಡಿಕೊಂಡರು. ಚೊಂಬಿನ ಮೇಲೆ ಅಷ್ಟು ಸ್ಪಷ್ಟವಾಗಿ ಕುದುರೆ ಎಂದಿರುವಾಗ ಹಿರೀಕರನ್ನು ಕುರಿ ಮಾಡಬಾರದು ಎಂದರು. ಹಾಗಾದರೆ ಕುಂಟ ಇರಬಹುದು, ಇಲ್ಲ ಕುಳ್ಳ ಇರಬಹುದು ಎಂದು ನಟರಾಜು ಒಂದೊಂದಾಗಿ ಇಳಿದ. ಕುಂಟನೂ ಕುಳ್ಳನೂ ಎರಡೂ ಆಗಿದ್ದರೆ ಕುದುರೆಯ ಅಗತ್ಯ ಇನ್ನೂ ಹೆಚ್ಚೇ ಅಲ್ಲವೇ ಎಂದರು ಅವರು. ಬೇರೆ ದಾರಿಯಿಲ್ಲದೆ ನಟರಾಜು ತಲೆ ತಗ್ಗಿಸಿ, ಆ ಬಿಳೀ ಕುದುರೆಯ ಮಾತು ನಿಜವಲ್ಲ, ಬಾಯಿಗೆ ಬಂದದ್ದನ್ನು ನಾನೇ ಹೇಳಿಬಿಟ್ಟೆ ಎಂದು ಒಪ್ಪಿಕೊಂಡ. ಅದನ್ನು ಹೇಳಲು ಅವನಿಗೆ ಎಷ್ಟು ಕಷ್ಟವಾಯಿತೆಂದರೆ ಕೊಟ್ಟ ಮಜ್ಜಿಗೆಯನ್ನು ಒಂದೇ ಗುಟುಕಿಗೆ ಕುಡಿದ.

ಬೋರಲಿಂಗಯ್ಯ ಅವನ ಭುಜ ತಟ್ಟಿದರು.

“ಈ ವಿನಯ ಐತಲ್ಲ, ಇದು ನಮ್ ವಂಶದ್ದೇ ಗುಣ. ನಮ್ ತಾತನೂ ಹಿಂಗೇ.”

ನಿಜ ಹೇಳಿದರೂ ನಂಬದ ಮನುಷ್ಯನ ಎದುರು ಏನು ಮಾಡಬೇಕೆಂದು ನಟರಾಜುವಿಗೆ ಹೊಳೆಯಲಿಲ್ಲ. ಬೋರಲಿಂಗಯ್ಯ ಕೆಟ್ಟವರಲ್ಲ. ಮಗ ಸರಿಯಾಗಿ ಊಟ ಮಾಡುತ್ತಿಲ್ಲ, ತಾಯಿಯ ಹತ್ತಿರವೂ ಮಾತಿಲ್ಲ ಎಂದು ಅವರೂ ಧ್ವನಿ ತಗ್ಗಿಸಿ ಹೇಳಿಕೊಂಡರು. ಆದರೆ ಅಣ್ಣತಮ್ಮಂದಿರ ಮಕ್ಕಳಿಗೆ ಮದುವೆ ಮಾಡಿದೆವೆಂದರೆ ನಾಳೆ ಯಾರೂ ನಮ್ಮ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದರು. ಒಂದೇ ಒಂದು ದಾರಿ ಉಳಿದಿದೆ, ಹೆಳವರನ್ನು ಕೇಳಬೇಕು ಎಂದರು.

ಹೆಳವರು ಮನೆ ಮನೆಗೆ ಬಂದು, ಗಂಟೆ ಬಾರಿಸಿ, ಆ ಮನೆಯ ವಂಶಾವಳಿಯನ್ನು ಬೇರಿನಿಂದ ಚಿಗುರಿನವರೆಗೆ ಬಾಯಲ್ಲೇ ಹೇಳಿ, ಕಾಳು ಇಸಿದುಕೊಂಡು ಹೋಗುವ ಜನ. ನಟರಾಜುವಿನ ಚಿಕ್ಕಂದಿನಲ್ಲಿ ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು ಬರುತ್ತಿದ್ದರು. ಆಮೇಲೆ ಬರುವುದು ತಪ್ಪಿಹೋಗಿತ್ತು. ಅಲ್ಲಿ ಇಲ್ಲಿ ವಿಚಾರಿಸಿದ್ದರಲ್ಲಿ ಹೆಳವರ ಲಕ್ಷ್ಮಯ್ಯ ಎಂಬುವನು ಕೆಂಗಲ್ ಕಡೆ ಬಿಡಾರ ಮಾಡಿದ್ದಾನೆಂದು ತಿಳಿಯಿತು. ನಟರಾಜುವೂ ಮುನೇಶನೂ ಹೋಗಿ ನೋಡಿದರೆ, ಆಂಜನೇಯನ ಗುಡಿಯಿಂದ ಒಸಿ ದೂರದಲ್ಲಿ, ಮರದ ನೆರಳಿಗೆ ಟಿವಿಎಸ್ ನಿಲ್ಲಿಸಿಕೊಂಡು ಅವನು ಎಲೆ ಅಡಿಕೆ ಹಾಕುತ್ತಿದ್ದ. ಎತ್ತು ಎಲ್ಲಿ ಎಂದು ಮುನೇಶ ಕೇಳಿದ. ಮೈಸೂರು ರಸ್ತೆಯಲ್ಲಿ ಎತ್ತು ನಡೆಸಿದರೆ ಎತ್ತಿನದಿರಲಿ ತನ್ನ ವಂಶವೇ ಉಳಿಯುವುದಿಲ್ಲ ಎಂದು ಲಕ್ಷ್ಮಯ್ಯ ಹೇಳಿದ.

ಅಲ್ಲಿ ಹೋಗಿ ಕೇಳಬೇಕಾದ್ದು ಒಂದೇ ಮಾತು, ನಮ್ಮ ಮನೆಯ ವಂಶ ಹೇಳಪ್ಪ ಎಂದು. ಆದರೆ ನಟರಾಜು ಉಸಿರು ಬಿಡದೆ ಚಿಕ್ಕಹನುಮಯ್ಯ, ದೊಡ್ಡಹನುಮಯ್ಯ, ಕುದುರೆ, ಕಾಗದ, ಚೊಂಬು, ತಿಪ್ಪಸಂದ್ರ, ಮಗಳು, ಮದುವೆ, ಎಲ್ಲವನ್ನೂ ತಾನೇ ಹೇಳಿ ಮುಗಿಸಿದ. ಲಕ್ಷ್ಮಯ್ಯ ಹೂಂಗುಟ್ಟುತ್ತಾ ಕೇಳಿದ. ಹುಣಸೆದೊಡ್ಡಿ ತಾನೇ, ಕುದುರೆಯವರು ತಾನೇ, ಗೊತ್ತಿಲ್ಲದೆ ಏನು, ನಮ್ಮಪ್ಪ ಹೇಳಿಕೊಟ್ಟಿದ್ದಾರೆ ಎಂದ. ಶುಕ್ರವಾರ ಬರುತ್ತೇನೆ, ಎರಡೂ ಮನೆಯವರು ಇರಲಿ ಎಂದ.

ಶುಕ್ರವಾರ ಕುದುರೆಯವರ ಮನೆಯ ಮುಂದೆ ಜಾಗ ಸಾಲಲಿಲ್ಲ. ಬೋರಲಿಂಗಯ್ಯ ಹೆಂಡತಿ ಮಗನೊಂದಿಗೆ ಬಂದಿದ್ದರು. ಚೊಂಬೂ ಬಂದಿತ್ತು. ಊರಿನ ಮುಕ್ಕಾಲು ಪಾಲು ಅಂಗಳದಲ್ಲಿತ್ತು, ಉಳಿದವರು ಎದುರು ಮನೆಯ ಮಾಳಿಗೆ ಹತ್ತಿದ್ದರು. ಮುನೇಶ ಅಂಗಡಿಗೆ ಬಾಗಿಲು ಹಾಕಿ ಬಂದಿದ್ದ. ಹೆರಿಗೆಗೆ ಹೆಂಡತಿಯನ್ನು ಆಸ್ಪತ್ರೆಗೆ ಸೇರಿಸಿದ ದಿನವೂ ಅವನು ಅಂಗಡಿ ಮುಚ್ಚಿರಲಿಲ್ಲ.

ಲಕ್ಷ್ಮಯ್ಯ ಜಗಲಿಯ ಮೇಲೆ ಕಂಬಳಿ ಹಾಸಿಕೊಂಡು ಕೂತು, ಗಂಟೆ ಬಾರಿಸಿ, ರಾಗವಾಗಿ ಶುರುಮಾಡಿದ. ಎಲ್ಲಿಯೋ ಬರ ಬಿದ್ದು ಯಾರೋ ಗುಳೆ ಎದ್ದು ಬಂದರು, ಹೊಳೆ ದಾಟಿದರು, ಹುಣಿಸೇಮರದಡಿ ಬೀಡು ಬಿಟ್ಟರು. ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಅವನ ದನಿ ನಡೆದುಬಂತು. ಚಿಕ್ಕಹನುಮಯ್ಯನ ಹೆಸರು ಬರುತ್ತಲೇ ಅಂಗಳದವರೆಲ್ಲ ಕತ್ತು ಮುಂದೆ ಚಾಚಿದರು.

“ಚಿಕ್ಕಹನುಮಯ್ಯನಿಗೆ ಗಂಡೊಂದು ಹೆಣ್ಣೊಂದು. ಗಂಡು ಜಗಳ ಆಡ್ಕೊಂಡು, ಚೊಂಬು ಎತ್ಕೊಂಡು ತಿ‍ಪ್ಪಸಂದ್ರಕ್ಕೆ ಹೋಯ್ತು. ಹೆಣ್ಣಿಗೆ ಕಾವೇರಿ ಕಡೆಯಿಂದ ಗಂಡು ತಂದು ಮನೇಲೇ ಇಟ್ಕೊಂಡ್ರು. ಆಳು ಎತ್ತರಕ್ಕಿದ್ದ, ದೊಡ್ಡಹನುಮ ಅಂದ್ರು. ಅವನೊಕ್ಕಲೇ ಈ ಮನೆ.”

ಮೊದಲು ಯಾರಿಗೂ ಅರ್ಥವಾಗಲಿಲ್ಲ. ನವ್ಯಶ್ರೀಗೆ ಆಯಿತು. ಅವಳು ಬಾಗಿಲಲ್ಲಿ ನಿಂತು ಬೆರಳು ಮಡಿಸಿ ಬಿಡಿಸಿ ನೋಡಿ, ಹಾಗಾದರೆ ದೊಡ್ಡಹನುಮಯ್ಯ ಮಗನಲ್ಲ, ಅಳಿಯ ಎಂದಳು. ಅವರು ಮಗನ ಕಡೆಯವರು, ನಾವು ಮಗಳ ಕಡೆಯವರು. ಅಣ್ಣತಮ್ಮಂದಿರಲ್ಲ. ಕೊಟ್ಟು ತರುವ ಸಂಬಂಧವೇ. ಮನೆದೇವರು ಬೇರೆಯಾದದ್ದೂ ಅದಕ್ಕೇ, ಅಳಿಯ ತನ್ನ ದೇವರನ್ನು ಜೊತೆಗೆ ತಂದಿದ್ದ. ಹಾಗಾದರೆ ಕಾಗದದಲ್ಲಿ ಬಿನ್ ಎಂದು ಬರೆದದ್ದು ಯಾಕೆ ಎಂದು ಯಾರೋ ಕೇಳಿದರು. ಬರೆಯುವವರಿಗೆ ಬಿನ್ ಎಂಬುದು ಅಭ್ಯಾಸವಾಗಿರುತ್ತದೆ, ಅಳಿಯ ಎಂದು ಬರೆಯಲು ಯಾವ ಕಾಗದದಲ್ಲೂ ಜಾಗವಿರುವುದಿಲ್ಲ ಎಂದು ಬೋರಲಿಂಗಯ್ಯ ತಮ್ಮ ಸಹಕಾರ ಸಂಘದ ಅನುಭವದಿಂದ ಹೇಳಿದರು.

ಆದರೆ ನಟರಾಜು ಇನ್ನೂ ಜಗಲಿಯ ಅಂಚಿನಲ್ಲೇ ಕೂತಿದ್ದ. ಕುದುರೆ ಯಾರದು ಎಂದು ಅವನು ಮೆಲ್ಲಗೆ ಕೇಳಿದ. ಕುದುರೆ ಮಾವನದು ಎಂದು ಲಕ್ಷ್ಮಯ್ಯ ಹೇಳಿದ. ಅಳಿಯ ಏನು ಮಾಡುತ್ತಿದ್ದ ಎಂದು ಕೇಳಿದ. ಹುಲ್ಲು ಕುಯ್ದು ಹಾಕುತ್ತಿದ್ದ, ಲದ್ದಿ ಬಾಚುತ್ತಿದ್ದ ಎಂದು ಲಕ್ಷ್ಮಯ್ಯ ಹೇಳಿದ.

ಮಾಳಿಗೆಯ ಮೇಲೆ ಯಾರೋ ಕಿಸಕ್ಕೆಂದರು. ಹುಣಸೆದೊಡ್ಡಿಯಲ್ಲಿ ಮನೆ ಅಳಿಯ ಎಂಬುದು ಬೈಗುಳವಲ್ಲ, ಆದರೆ ಬೈಗುಳಕ್ಕೆ ಬಹಳ ಹತ್ತಿರ. ನಟರಾಜು ಯಾವತ್ತಾದರೂ ಬೇರೆಯವರ ಮನೆ ಅಳಿಯಂದಿರ ಬಗ್ಗೆ ಆಡಿದ್ದ ತಮಾಷೆಗಳನ್ನೆಲ್ಲ ಜನ ನೆನಪು ಮಾಡಿಕೊಳ್ಳುತ್ತಿರುವುದು ಅವರ ಮುಖದಲ್ಲೇ ಕಾಣುತ್ತಿತ್ತು. ಅವನು ಬಾಯಿ ತೆರೆದರೆ ಏನಾದರೂ ಒಂದು ಬರುತ್ತದೆ ಎಂದು ಎಲ್ಲರೂ ಕಾದರು. ಇಲ್ಲ, ಇದು ತಪ್ಪು, ನಾವು ಮಗನ ಕಡೆಯವರೇ ಎಂದು ಅವನೊಂದು ಮಾತು ಹೇಳಿದ್ದರೆ ಮತ್ತೆ ಎಲ್ಲ ಮೊದಲಿನಿಂದ ಶುರುವಾಗುತ್ತಿತ್ತು. ಅವನು ತಲೆಯೆತ್ತಿ ಬಾಗಿಲ ಕಡೆ ನೋಡಿದ. ನವ್ಯಶ್ರೀ ಉಸಿರು ಬಿಗಿಹಿಡಿದು ನಿಂತಿದ್ದಳು.

“ಹೂಂ ಕಣ್ರಪ್ಪ. ನಮ್ಮಜ್ಜ ಮನೆ ಅಳಿಯ. ಹುಲ್ಲೇ ಕುಯ್ತಿದ್ದದ್ದು. ಇನ್ನೇನಾದ್ರೂ ಕೇಳೋದೈತಾ?”

ಬೋರಲಿಂಗಯ್ಯ ಎದ್ದು ಬಂದು ಅವನನ್ನು ಮತ್ತೆ ತಬ್ಬಿಕೊಂಡು, ಈ ಸಲ ಭಾವ ಎಂದು ಕರೆದರು. ತಲೆಮಾರು ಎಣಿಸಿ ನೋಡಬೇಕಲ್ಲ ಎಂದು ಮುನೇಶ ಬೆರಳು ಎತ್ತಿದ. ಆ ಬೆರಳುಗಳ ನಡುವೆ ಸರಸಮ್ಮ ಬಿಸಿಬಿಸಿ ಕಾಫಿಯ ಲೋಟ ಇಟ್ಟಳು. ಅದು ಆರುವುದರೊಳಗೆ ನಿಶ್ಚಿತಾರ್ಥದ ದಿನ ಗೊತ್ತಾಗಿತ್ತು.

ಮದುವೆ ರಾಮನಗರದ ಛತ್ರದಲ್ಲಿ ನಡೆಯಿತು. ಬೋರಲಿಂಗಯ್ಯ ಮೈಕು ಹಿಡಿದು ಕುದುರೆ ಚಿಕ್ಕಹನುಮಯ್ಯನವರ ಚರಿತ್ರೆ ಹೇಳಲು ಶುರುಮಾಡಿದವರು, ಪುರೋಹಿತರು ಮುಹೂರ್ತ ಮೀರುತ್ತದೆಂದು ಮೈಕು ಕಿತ್ತುಕೊಳ್ಳುವವರೆಗೂ ಬಿಡಲಿಲ್ಲ. ದೊಡ್ಡಹನುಮಯ್ಯನ ಪಾಲಿಗೆ ಬಂದದ್ದು ಒಂದೇ ವಾಕ್ಯ, ಅದೂ ಓಲಗದ ಸದ್ದಿನಲ್ಲಿ ಕೇಳಿಸಲಿಲ್ಲ. ನಟರಾಜು ಧಾರೆ ಎರೆಯುವಾಗ ಅತ್ತ. ಅದು ಮಗಳಿಗಾಗಿ ಎಂದೇ ಎಲ್ಲರೂ ತಿಳಿದರು.

ಮದುವೆಯಾಗಿ ಕೆಲವು ದಿನ ಅವನು ಮುನೇಶನ ಅಂಗಡಿಯ ಕಡೆ ಸುಳಿಯಲಿಲ್ಲ. ಆಮೇಲೆ ಒಂದು ದಿನ ಬಂದು ಕೂತು, ಕುದುರೆ ಸಾಕುವುದೆಂದರೆ ಎಲ್ಲರಿಗೂ ಆಗುವ ಕೆಲಸವಲ್ಲ ಎಂದ. ಇನ್ನೊಂದು ದಿನ, ಆ ಕುದುರೆ ದೊಡ್ಡಹನುಮಯ್ಯನ ಕೈಯಿಂದ ಹೊರತು ಬೇರೆ ಯಾರ ಕೈಯ ಹುಲ್ಲನ್ನೂ ಮುಟ್ಟುತ್ತಿರಲಿಲ್ಲವಂತೆ ಎಂದ. ಮಳೆಗಾಲ ಬರುವಷ್ಟರಲ್ಲಿ ಚಿಕ್ಕಹನುಮಯ್ಯ ಕುದುರೆಯ ಮೇಲಿಂದ ಎರಡು ಸಲ ಬಿದ್ದಿದ್ದ, ಅವನನ್ನು ಎತ್ತಿ ಕೂರಿಸಿದ್ದು ಅಳಿಯ. ಊರಿನವರು ಮೊದಲು ನಕ್ಕರು, ಆಮೇಲೆ ಕೇಳಿದರು.

ಹಾಗಿರುವಾಗ ಒಂದು ಮಧ್ಯಾಹ್ನ ಹೆಳವರ ಲಕ್ಷ್ಮಯ್ಯನ ಟಿವಿಎಸ್ ಬಂತು. ನಟರಾಜು ತೋಟದಲ್ಲಿದ್ದ. ಲಕ್ಷ್ಮಯ್ಯ ಜಗಲಿ ಹತ್ತದೆ ಹಿತ್ತಿಲ ಬಾಗಿಲಿಗೆ ಬಂದು, ಮುದ್ದೆ ತಿರುವುತ್ತಿದ್ದ ಸರಸಮ್ಮನನ್ನು ಕರೆದ. ಬಹಳ ಸಂಕೋಚದಿಂದ ವಿಷಯ ಹೇಳಿದ. ಹೋದ ವಾರ ಅವನ ಅಣ್ಣ ಸಿಕ್ಕಿದ್ದನಂತೆ. ಕನಕಪುರದ ಆಚೆ ಇನ್ನೊಂದು ಹುಣಸೆದೊಡ್ಡಿ ಇದೆಯಂತೆ, ಅಲ್ಲೂ ಒಬ್ಬ ಕುದುರೆ ಚಿಕ್ಕಹನುಮಯ್ಯ ಇದ್ದನಂತೆ. ತಾನು ಆವತ್ತು ಹೇಳಿದ್ದು ಆ ಹುಣಸೆದೊಡ್ಡಿಯ ವಂಶವಂತೆ. ಚೊಂಬೂ ಅಲ್ಲಿಯದೇ, ತಿಪ್ಪಸಂದ್ರದವರ ಮೂಲವೂ ಅಲ್ಲಿಯದೇ. ಅಳಿಯನ ಹೆಸರು ಅಣ್ಣನ ಪ್ರಕಾರ ಬೇರೆ ಏನೋ. ದೊಡ್ಡಹನುಮ ಎಂಬುದು ಕೆಂಗಲ್‌ನಲ್ಲಿ ನಟರಾಜು ಹೇಳಿದ್ದೇ ತನ್ನ ಬಾಯಿಗೆ ಅಂಟಿಕೊಂಡು ಬಂದಿರಬೇಕು.

ಸರಸಮ್ಮ ಕೋಲು ನಿಲ್ಲಿಸಿ ಯೋಚಿಸಿದಳು. ಅಂದರೆ ತಿಪ್ಪಸಂದ್ರದವರಿಗೂ ತಮಗೂ ಯಾವ ಕಾಲಕ್ಕೂ ಸಂಬಂಧವೇ ಇರಲಿಲ್ಲ. ಮದುವೆಗೆ ಯಾವ ಕಡೆಯಿಂದ ನೋಡಿದರೂ ದೋಷವಿಲ್ಲ. ಆವತ್ತು ಬೆಳಿಗ್ಗೆಯಷ್ಟೇ ಮಗಳು ಫೋನು ಮಾಡಿ, ಲೋಕೇಶ್ ತನಗೆ ಹಾಲು ಕರೆಯಲು ಕಲಿಸುತ್ತಿದ್ದಾನೆ, ಮಾವ ಚೊಂಬಿಗೆ ಗಾಜಿನ ಪೆಟ್ಟಿಗೆ ಮಾಡಿಸುತ್ತಿದ್ದಾರೆ ಎಂದು ನಗುತ್ತಾ ಹೇಳಿದ್ದಳು.

“ಹಂಗಾರೆ ನಮ್ಮನೇದು ಯಾವ್ದು?” ಎಂದು ಸರಸಮ್ಮ ಕೇಳಿದಳು.

“ಅದೇ ಕಣವ್ವ ಗೊತ್ತಾಯ್ತಿಲ್ಲ. ನಿಮ್ಮನೇಲಿ ಕುದ್ರೆ ಇತ್ತೋ ಇಲ್ವೋ ಅದೂ ಗೊತ್ತಿಲ್ಲ. ಹುಡ್ಕಿ ಹೇಳ್ತೀನಿ.”

“ಹುಡುಕ್ಬ್ಯಾಡ. ಕೈ ತೊಳ್ಕೋ, ಮುದ್ದೆ ಬಿಸಿ ಐತೆ.”

ಅವನು ನಡುಮನೆಯಲ್ಲಿ ತಟ್ಟೆಯ ಮುಂದೆ ಕೂತ. ಅಷ್ಟರಲ್ಲಿ ನಟರಾಜು ತೋಟದಿಂದ ಬಂದ. ಲಕ್ಷ್ಮಯ್ಯನನ್ನು ನೋಡಿ ಬಹಳ ಖುಷಿಪಟ್ಟ. ಏನು ಬಂದದ್ದು ಎಂದು ಕೇಳಿದ. ಊಟಕ್ಕೆ ಎಂದು ಸರಸಮ್ಮ ಹೇಳಿದಳು. ನಟರಾಜು ಪಕ್ಕದಲ್ಲೇ ಮಣೆ ಹಾಕಿಕೊಂಡು ಕೂತು, ಆವತ್ತು ನೀನು ಹೇಳುವಾಗ ಎಷ್ಟೋ ಸಂಗತಿ ಬಿಟ್ಟುಹೋಗಿತ್ತು ಎಂದು ಆರಂಭಿಸಿದ. ದೊಡ್ಡಹನುಮಯ್ಯ ಶಿಳ್ಳೆ ಹಾಕಿದರೆ ಕುದುರೆ ಮೂರು ಹೊಲ ದಾಟಿ ಓಡಿಬರುತ್ತಿತ್ತು. ಒಂದು ಸಲ ಮಾವನಿಗೆ ಕಾಯಿಲೆಯಾದಾಗ ಮಹಾರಾಜರ ಮುಂದೆ ಕುದುರೆ ನಡೆಸಿದವನು ಇವನೇ. ಮಹಾರಾಜರು ಕೇಳಿದರು, ಈ ಎತ್ತರದ ಆಳು ಯಾರು ಎಂದು.

ಲಕ್ಷ್ಮಯ್ಯ ತುತ್ತನ್ನು ಕೈಯಲ್ಲೇ ಹಿಡಿದು ಕೂತಿದ್ದ. ಅವನ ತುಟಿ ಅಲುಗುತ್ತಿತ್ತು. ಏನಾಯಿತೆಂದು ಸರಸಮ್ಮ ಬಗ್ಗಿ ನೋಡಿದಳು. ಅವನು ಒಂದೊಂದು ಮಾತನ್ನೂ ತನ್ನಷ್ಟಕ್ಕೆ ತಾನೇ ಹೇಳಿಕೊಂಡು ಬಾಯಿಪಾಠ ಮಾಡುತ್ತಿದ್ದ. ನಟರಾಜು ಉಸಿರೆಳೆದುಕೊಳ್ಳಲು ನಿಲ್ಲಿಸಿದಾಗ, ಆಮೇಲೆ ಎಂದು ಕೇಳಿದ.